ತಂದೆಯ ಮನೆಯ ಎಣ್ಣೆ

ಬಂಡೆಕೇರಿ,
ಫೆಬ್ರವರಿ ಮೂವತ್ತು, ಇಸವಿ 2219
ತಪಸ್ಸುಕಾಲದ ಎರಡನೆಯ ವಾರ

ಪೂಜ್ಯ ಜಪಮಾಲಮ್ಮನವರಿಗೆ, ನಿಮ್ಮ ಮರಿಮಗಳ ಮರಿಮಗಳಾದ ಇನ್ನಾಸಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಹಿಡಿದಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟುಹಾಕಿ, ಹೆಚ್ಚುದಿನ ಎಂದು ಕರೆದು ರಜೆ ಕೊಟ್ಟಿದ್ದಾರೆ. ಮುಂದೆಯೂ ಅಲ್ಲಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದಾವು. ಕ್ಷಮಿಸಿ, ಬಂದ ಕಡೆಯೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕಾಲಕ್ಕೆ ಹೇಗೆ ತಲುಪುತ್ತದೆ ಎಂದರೆ ನನ್ನಲ್ಲಿ ಉತ್ತರವಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಈ ತಪಸ್ಸುಕಾಲದಲ್ಲಿ ಮನೆಗೊಬ್ಬರು ಹಿರಿಯರ ಸಮಾಧಿಯ ಮುಂದೆ ಕೂತು ಅವರಿಗೊಂದು ಕಾಗದ ಓದುವುದು ನಮ್ಮಲ್ಲಿ ರೂಢಿ. ಪ್ರತಿ ವರ್ಷ ನಾನು ಬರೆಯುತ್ತಿದ್ದುದು ಯಾರಿಗೆ ಮದುವೆ, ಯಾರಿಗೆ ಮಂಡಿನೋವು, ಬಾವಿಯಲ್ಲಿ ನೀರೆಷ್ಟು ಎಂಬಷ್ಟೇ. ಈ ಸಲ ಅಷ್ಟಕ್ಕೆ ಮುಗಿಯುವುದಿಲ್ಲ. ನಾವು ಚುನಾವಣೆಯಲ್ಲಿ ಸೋತಿದ್ದೇವೆ, ಮತ್ತು ನನಗೆ ತುಂಬ ದಣಿವಾಗಿದೆ.

ನೀವು ಬದುಕಿದ್ದ ಬಯಲಿನ ಊರಿನಲ್ಲಿ ಈಗ ಯಾರೂ ಇಲ್ಲ. ಅಲ್ಲಿನ ಕಾವು ತಡೆಯಲಾಗದೆ ನಮ್ಮ ಅಜ್ಜಂದಿರು ಈ ಬಂಡೆಯ ಮೇಲಕ್ಕೆ ಬಂದರು. ಬರುವಾಗ ಗುಡಿಯ ಗಂಟೆಯನ್ನೂ, ದೇವಮಾತೆಯ ಮರದ ಸ್ವರೂಪವನ್ನೂ, ನಿಮ್ಮ ಸಮಾಧಿಯ ಕಲ್ಲನ್ನೂ ಹೊತ್ತು ತಂದರು. ನಮ್ಮ ಮನೆಗಳು ಅರ್ಧ ಬಂಡೆಯ ಒಳಗೆ, ಅರ್ಧ ಹೊರಗೆ ಇವೆ. ನಡುಹಗಲಿನಲ್ಲಿ ಬಿಸಿಲು ಇಳಿಯುವ ತನಕ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದನ್ನು ಮುಚ್ಚುಹೊತ್ತು ಅನ್ನುತ್ತೇವೆ. ಆಗ ಕೇರಿಯೆಲ್ಲ ಬಾಗಿಲು ಹಾಕಿಕೊಂಡು ಮಲಗಿರುತ್ತದೆ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ತಂತಿಯ ಮೇಲೆ ಹೋಗುವ ತೂಗುಬಂಡಿಗಳೂ ಆಗ ನಿಲ್ಲುತ್ತವೆ. ಊಟದ ಬಗ್ಗೆ ಮಾತ್ರ ನಿಮಗೆ ಚಿಂತೆ ಬೇಡ. ರಾಗಿಮುದ್ದೆ ಇನ್ನೂ ಇದೆ, ಅದನ್ನು ಕೆಟ್ಟದಾಗಿ ತೊಳಸುವ ಸೊಸೆಯರೂ ಇದ್ದಾರೆ.

ನಾನು ಗುಡಿಯ ದೀಪಗಳನ್ನು ನೋಡಿಕೊಳ್ಳುವವಳು. ಕೇರಿಯ ಹೆಣ್ಣೊಬ್ಬಳು ಬಸುರಿ ಎಂದು ತಿಳಿದ ದಿನ ದೇವಮಾತೆಯ ಪೀಠದ ಪಕ್ಕದಲ್ಲಿ ಒಂದು ಹಣತೆ ಹಚ್ಚುತ್ತೇವೆ. ಅದಕ್ಕೆ ಒಡಲದೀಪ ಎಂದು ಹೆಸರು. ಮಗು ಹುಟ್ಟಿ, ಅದರ ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನ ಆಗುವವರೆಗೂ ಅದು ಉರಿಯಬೇಕು; ಎಣ್ಣೆ, ಬತ್ತಿ ನೋಡಿಕೊಳ್ಳುವುದು ನನ್ನ ಕೆಲಸ. ಮಗು ಉಳಿಯದಿದ್ದರೆ ದೀಪವನ್ನು ಊದಿ ಆರಿಸುವುದಿಲ್ಲ, ತಾನಾಗಿ ಶಾಂತವಾಗಲು ಬಿಡುತ್ತೇವೆ. ಈ ಕಟ್ಟಳೆ ಹಾಕಿದವರು ನೀವೇ ಎಂದು ನಮ್ಮಲ್ಲಿ ಹೇಳುತ್ತಾರೆ. ನಿಮ್ಮ ಕಾಲದಲ್ಲೂ ನೀವು ಒಡಲಿನ ಮಕ್ಕಳಿಗಾಗಿ ಮನೆಮನೆ ತಿರುಗಿ ಮತ ಕೇಳಿದಿರಂತೆ, ಸೋತಿರಂತೆ. ಫಲಿತಾಂಶ ಬಂದ ಸಂಜೆ ಅಳುತ್ತ ಕೂರದೆ, ಬಸುರಿಯಾಗಿದ್ದ ನಿಮ್ಮ ನಾದಿನಿಯ ಹೆಸರಿನಲ್ಲಿ ಮೊದಲ ಹಣತೆ ಹಚ್ಚಿದಿರಂತೆ. ಜೊತೆಗೆ ಇನ್ನೊಂದು ಮಾತು ಸೇರಿಸಿದಿರಂತೆ: ಮೊದಲ ಎಣ್ಣೆ ಮಗುವಿನ ತಂದೆಯ ಮನೆಯಿಂದ ಬರಬೇಕು. ಗಂಡಸರು ಜವಾಬ್ದಾರಿಯಿಂದ ನುಣುಚಿಕೊಳ್ಳದಿರಲಿ ಎಂದು ನೀವು ಹಾಗೆ ಮಾಡಿದ್ದು. ಒಳ್ಳೆಯ ಯೋಚನೆಯೇ. ಅದರ ವಿಷಯವಾಗಿಯೇ ಈ ಕಾಗದ.

ನಮ್ಮ ರಾಜ್ಯದಲ್ಲಿ ಹೆಣ್ಣು ಬೇಡವೆಂದರೆ ಯಾವ ತಿಂಗಳಿನಲ್ಲಾದರೂ ಬಸಿರನ್ನು ಇಳಿಸಬಹುದು ಎಂಬ ಕಾನೂನಿದೆ. ವಾರಕ್ಕೊಮ್ಮೆ, ಬುಧವಾರ, ಸರ್ಕಾರದ ಆರೈಕೆಬಂಡಿ ಕೇರಿಗೆ ಬರುತ್ತದೆ. ಅದರಲ್ಲಿ ಮುದುಕರಿಗೆ ಬಿ.ಪಿ. ನೋಡುತ್ತಾರೆ, ಮಕ್ಕಳಿಗೆ ಲಸಿಕೆ ಹಾಕುತ್ತಾರೆ, ಬಸಿರು ಬೇಡವೆಂದವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಈ ಕಾನೂನನ್ನು ತೆಗೆದುಹಾಕುತ್ತೇವೆ ಎಂದು ತೊಟ್ಟಿಲ ಗುರುತಿನ ಪಕ್ಷದವರು ಮಾತು ಕೊಟ್ಟರು. ನಾವು ಅವರನ್ನು ನಂಬಿ ದುಡಿದೆವು. ಸುಮ್ಮನೆ ಅಲ್ಲ, ಜೀವ ತೇದು ದುಡಿದೆವು. ತೂಗುಬಂಡಿ ಓಡಿಸಿ ನಿವೃತ್ತರಾದ ನಮ್ಮ ಚೌರಪ್ಪ ಮುಂದಾಳು. ಅವರ ಹಿಂದೆ ಮುಚ್ಚುಹೊತ್ತು ಮುಗಿಯುವುದನ್ನೇ ಕಾದು ನಾವೆಲ್ಲ ಹೊರಡುತ್ತಿದ್ದೆವು. ಒಡಲದೀಪಗಳ ದೊಡ್ಡ ಚಿತ್ರವೊಂದನ್ನು ಬರೆಸಿ, ಕೆಳಗೆ ‘ಜೀವ ಒಂದೊಂದಕ್ಕೂ ದೀಪ ಒಂದು’ ಎಂದು ಹಾಕಿಸಿದ್ದೆವು. ಅದನ್ನು ಹಿಡಿದು ಮುಂದೆ ನಡೆಯುತ್ತಿದ್ದವಳು ನನ್ನ ಮೊಮ್ಮಗಳು ಲೂರ್ದು. ಮಗಳು ತೀರಿಕೊಂಡ ಮೇಲೆ ನಾನೇ ಸಾಕಿದ ಕೂಸು, ಈಗ ತೂಗುಬಂಡಿಯ ನಿಲ್ದಾಣದಲ್ಲಿ ಕೆಲಸ ಮಾಡುತ್ತಾಳೆ. ಅವಳ ದನಿ ಕೇಳಿದರೆ ಮುಚ್ಚಿದ ಬಾಗಿಲುಗಳೂ ತೆರೆಯುತ್ತಿದ್ದವು.

ಸೋತೆವು. ರಾಜ್ಯದಲ್ಲಿ ಸೋಲಬಹುದೆಂಬ ಅಂದಾಜು ಇದ್ದೇ ಇತ್ತು. ಆದರೆ ನಮ್ಮಲ್ಲಿ ಫಲಿತಾಂಶವನ್ನು ಕೇರಿವಾರು ಬಿಡಿಸಿ ಹೇಳುತ್ತಾರೆ. ಮತ ಹಾಕುವುದು ಅಂಗೈ ಕಂಬದ ಮೇಲೆ. ಕಂಬಕ್ಕೆ ಅಂಗೈ ಒತ್ತಿ ಗುರುತು ಆರಿಸಿದರೆ ಆಯಿತು, ಯಾರು ಯಾವುದನ್ನು ಆರಿಸಿದರೆಂದು ದೇವರಿಗಲ್ಲದೆ ಬೇರೆಯವರಿಗೆ ಗೊತ್ತಾಗದು. ಎಲ್ಲರೂ ಪೂಜೆಗೆ ಬರುವ, ಮನೆಮನೆಯಲ್ಲೂ ಸಂಜೆಗೆ ಜಪಮಾಲೆ ಹೇಳುವ ನಮ್ಮ ಬಂಡೆಕೇರಿಯಲ್ಲೇ ತೊಟ್ಟಿಲು ಸೋತಿತ್ತು. ಅದನ್ನು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮಾರನೆಯ ಸಂಜೆ ಗುಡಿಯ ಪಕ್ಕದ ಸಭಾಮನೆಯಲ್ಲಿ ಎಲ್ಲರೂ ಸೇರಿದರು. ಸೋತವರು ಸೇರಿದರೆ ಏನಾಗುತ್ತದೋ ಅದೇ ಆಯಿತು. ಒಬ್ಬರು ಗುಡಿಯ ಸ್ವಾಮಿಗಳು ಪೂಜೆಯಲ್ಲಿ ಮಾಡಿದ ಪ್ರಸಂಗ ಸಪ್ಪೆಯಾಯಿತು ಅಂದರು, ಇನ್ನೊಬ್ಬರು ಹರೆಯದವರಿಗೆ ಭಕ್ತಿ ಇಲ್ಲ ಅಂದರು, ಮತ್ತೊಬ್ಬರು ಅಂಗೈ ಕಂಬವೇ ಸರಿಯಿಲ್ಲ ಅಂದರು. ನಾನು ಎಲ್ಲರಿಗೂ ಕಾಫಿ ಕೊಡುತ್ತಿದ್ದೆ. ಕೊನೆಗೆ ಚೌರಪ್ಪ ಎದ್ದು, ಗೋಡೆಯಿಂದ ಶಿಲುಬೆಯನ್ನು ಇಳಿಸಿ ಮೇಜಿನ ಮೇಲಿಟ್ಟರು. ಪ್ರತಿಯೊಬ್ಬರೂ ಅದನ್ನು ಮುಟ್ಟಿ, ತೊಟ್ಟಿಲಿಗೇ ಹಾಕಿದೆ ಎಂದು ಆಣೆ ಮಾಡಬೇಕು ಅಂದರು. ಆಗ ಲೂರ್ದು ಎದ್ದು ನಿಂತಳು.

“ಆಣೆ ಎಲ್ಲ ಯಾಕೆ ಮಾವ? ಕೇಳಿದ್ರೆ ಹೇಳ್ತಿದ್ದೆ. ನಾನು ತೊಟ್ಟಿಲಿಗೆ ಹಾಕ್ನಿಲ್ಲ.”

“ಏನವ್ವ ಹಂಗಂದ್ರೆ? ದೀಪದ ಚಿತ್ರ ಹಿಡ್ಕಂಡು ನಮ್ಮುಂದೆ ನಡೆದೋಳು ನೀನೇ ಅಲ್ವ?” ಅಂದರು ಚೌರಪ್ಪ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

“ಹೂಂ, ನಾನೇ. ಜೀವ ಒಂದೊಂದಕ್ಕೂ ದೀಪ ಒಂದು ಅಂತ ಕೂಗಿ ಕೂಗಿ ಗಂಟ್ಲು ಹೋಯ್ತು. ಈಗ ನನ್ನೊಳಗೂ ಒಂದು ಜೀವ ಐತೆ. ಅಪ್ಪ ಯಾರು ಅಂತ ನಾನು ಹೇಳಾಕಿಲ್ಲ, ಅವನೂ ಬರಾಕಿಲ್ಲ. ಇದರ ದೀಪ ಎಲ್ಲಿ ಮಡಗೀರಿ, ತೋರ್ಸಿ.” ಅವಳು ಮುಂದುವರಿಸಿದಳು. “ತೊಟ್ಟಿಲು ಗೆದ್ದಿದ್ರೆ ಹೆರ್ಲೇಬೇಕು ಅಂತ ನನ್ನ ಕಟ್ಟಾಕ್ತಿದ್ರಿ. ಹೆತ್ತ ಮ್ಯಾಲೆ ಗುಡೀಲಿ ಕೊನೇ ಬೆಂಚಲ್ಲಿ ಕೂರ್ಸ್ತಿದ್ರಿ. ಎರಡೂ ನೀವೇ.”

ಚೌರಪ್ಪ ಶಿಲುಬೆಯನ್ನೇ ನೋಡುತ್ತ, “ತಂದೆ ಮನೆ ಎಣ್ಣೆ ಇಲ್ದೆ ದೀಪ ಹಚ್ಚಿದ್ದುಂಟಾ? ಅದು ನಾನು ಮಾಡಿದ ಕಟ್ಲೆ ಅಲ್ಲ ಕಣವ್ವ,” ಅಂದರು. ಅದು ನಿಜವೇ. ಅದು ಅವರು ಮಾಡಿದ ಕಟ್ಟಳೆ ಅಲ್ಲ.

ಲೂರ್ದು ಬಸುರಿ ಎಂದು ನನಗೂ ಗೊತ್ತಾದದ್ದು ಆಗಲೇ. ಕೇರಿಯ ಹೆಣ್ಣುಮಕ್ಕಳ ನಡಿಗೆ ನೋಡಿಯೇ ಹಣತೆ ತೊಳೆದಿಡುವ ನನಗೆ, ಒಂದೇ ಸೂರಿನ ಕೆಳಗೆ ಮಲಗುವವಳದು ಗೊತ್ತಾಗಿರಲಿಲ್ಲ. ಕಾಫಿಯ ತಟ್ಟೆ ಹಿಡಿದು ನಿಂತು ಸಭೆಯ ಮುಖಗಳನ್ನು ನೋಡಿದೆ. ಲೂರ್ದುವಿನ ಒಂದು ಮತದಿಂದ ಕೇರಿ ಸೋತಿರಲಿಲ್ಲ. ಎಷ್ಟೋ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಅವರಲ್ಲಿ ಒಬ್ಬಳ ತಂಗಿ ಎಣ್ಣೆ ತರುವ ಮನೆಯಿಲ್ಲದೆ ಊರು ಬಿಟ್ಟುಹೋದವಳು. ಇನ್ನೊಬ್ಬಳ ಮಗಳು ಯಾರಿಗೂ ಹೇಳದೆ ಬುಧವಾರದ ಬಂಡಿ ಹತ್ತಿ, ಸಂಜೆಗೆ ಬಂದು ಏನೂ ಆಗದವಳಂತೆ ಪಾತ್ರೆ ತೊಳೆದವಳು. ಇವರೆಲ್ಲ ನಮ್ಮ ಜೊತೆಯಲ್ಲೇ ಜಪಮಾಲೆ ಹೇಳಿದವರು, ನಮ್ಮ ಚಿತ್ರದ ಹಿಂದೆಯೇ ನಡೆದವರು. ಕಂಬದ ಮುಂದೆ ಒಬ್ಬರೇ ನಿಂತಾಗ ಅವರ ಅಂಗೈ ಬೇರೆ ಮಾತು ಹೇಳಿತು.

ನನ್ನ ನಂಬಿಕೆ ಕದಲಿತೆಂದು ತಿಳಿಯಬೇಡಿ, ಜಪಮಾಲಮ್ಮನವರೇ. ಒಡಲಿನಲ್ಲಿ ಇರುವುದು ಜೀವವೇ. ನಾಳೆ ಮತ್ತೆ ಮತ ಹಾಕು ಅಂದರೆ ನಾನು ತೊಟ್ಟಿಲಿಗೇ ಹಾಕುತ್ತೇನೆ. ಲೂರ್ದುವಿನ ಮಗು ನನಗೆ ಬೇಕು. ಈ ವಯಸ್ಸಿನಲ್ಲಿ ಇನ್ನೇನನ್ನೂ ನಾನು ಇಷ್ಟು ಬಯಸಿಲ್ಲ. ಆದರೆ ಮಕ್ಕಳನ್ನು ಉಳಿಸಿ ಎಂದು ರಾಜ್ಯಕ್ಕೆಲ್ಲ ಹೇಳಲು ಹೊರಟ ನಮಗೆ, ನಮ್ಮ ಗುಡಿಯಲ್ಲಿ ಯಾವ ಮಗುವಿಗೆ ದೀಪವಿಲ್ಲ ಎಂದು ನೋಡುವುದಕ್ಕೇ ತೋಚಲಿಲ್ಲ. ನನಗೆ ದಣಿವಾಗಿರುವುದು ಸೋಲಿನಿಂದಲ್ಲ, ಇದರಿಂದ.

ಮರುದಿನ ಮುಚ್ಚುಹೊತ್ತು ಕಳೆದ ಮೇಲೆ ಮನೆಯಿಂದ ಹೊಂಗೆ ಎಣ್ಣೆ ಒಯ್ದು ಒಂದು ಹೊಸ ಹಣತೆ ಹಚ್ಚಿದೆ. ನಮ್ಮ ಯಾಗಪ್ಪ ಸ್ವಾಮಿಗಳು ಬಂದು ನೋಡಿದರು, ಶಿಲುಬೆಯ ಗುರುತು ಹಾಕಿಕೊಂಡು ಹೋದರು. ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಅವರೂ ದಣಿದಿದ್ದಾರೆ. ಕೆಲವು ಮನೆಯವರು ಆ ದಿನದಿಂದ ಪೂಜೆಗೆ ಬರುವುದನ್ನು ನಿಲ್ಲಿಸಿದ್ದಾರೆ. ಚೌರಪ್ಪ ಮಾತ್ರ ದಿನಾ ಬರುತ್ತಾರೆ. ನಿನ್ನೆ ಆ ದೀಪದ ಮುಂದೆ ಬಹಳ ಹೊತ್ತು ನಿಂತಿದ್ದರು. ಬತ್ತಿ ವಾರೆಯಾಗಿತ್ತು, ಬೆರಳಿನಿಂದ ಸರಿಮಾಡಿದರು. ಎಣ್ಣೆ ಹಾಕಲಿಲ್ಲ.

ಲೂರ್ದು ದೀಪ ನೋಡಿ ಬಂದು ನನ್ನನ್ನು ಕೇಳಿದಳು: “ದೀಪ ಹಚ್ಚಿದ್ರೆ ನಾನು ಇಟ್ಕಳ್ಳೇಬೇಕು ಅಂತಾನಾ ಅಜ್ಜಿ?”

“ಇಲ್ಲ ಕಣವ್ವ. ಕೂಸು ಇವತ್ತು ಐತಲ್ಲ, ಅದಕ್ಕೆ,” ಅಂದೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಇಂದು ಬುಧವಾರ. ಆರೈಕೆಬಂಡಿ ಬಂದು ನಮ್ಮ ಬಾಗಿಲಿಗೇ ನಿಂತಿತು; ಲೂರ್ದುವೇ ಹೇಳಿಕಳಿಸಿದ್ದಳು. ಬಂಡಿಯ ನರ್ಸಮ್ಮ ಒಳ್ಳೆಯ ಹೆಂಗಸು. ನನ್ನ ಬಿ.ಪಿ. ನೋಡುವಾಗ ಪ್ರತಿ ವಾರವೂ ಬೈಯುತ್ತಾಳೆ, ಉಪ್ಪು ಕಡಿಮೆ ಮಾಡು ಎಂದು. ಲೂರ್ದು ಹೊಸಲಿನ ಮೇಲೆ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲವಿತ್ತು. ನಾನು ನನ್ನ ಚಪ್ಪಲಿ ಹಾಕಿಕೊಂಡೆ. ಅವಳು ಹತ್ತಿದರೆ ನಾನೂ ಹತ್ತುವುದು ಎಂದು ನಿರ್ಧಾರ ಮಾಡಿದ್ದೆ. ಅತ್ತುಕೊಂಡಾದರೂ ಅವಳ ನೀರಿನ ಬಾಟಲಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವವಳಿದ್ದೆ; ಒಬ್ಬಳನ್ನೇ ಕಳಿಸುವುದು ನನ್ನಿಂದಾಗದು. ಕೇರಿಕೇರಿ ತಿರುಗಿ ಅಷ್ಟು ಮಾತಾಡಿದ ನಾನು ಆಗ ತುಟಿ ಬಿಚ್ಚಲಿಲ್ಲ.

ಅವಳು ನನ್ನ ಚಪ್ಪಲಿ ನೋಡಿದಳು. “ನೀನೆಲ್ಲಿಗಜ್ಜಿ?” ಅಂದಳು.

“ನಿನ್ನ ಜೊತೆಗೆ.”

ಅವಳು ಚೀಲವನ್ನು ಬಾಗಿಲ ಬಳಿ ಇಳಿಸಿದಳು. ಆಮೇಲೆ ನರ್ಸಮ್ಮನ ಕಡೆ ತಿರುಗಿ, “ಮುಂದಿನ ವಾರ ಬನ್ರಕ್ಕ, ನೋಡ್ತೀನಿ,” ಅಂದಳು. ಬಂಡಿ ಹೋಯಿತು. ಅವಳು ಒಳಗೆ ಹೋಗಿ ಮಲಗಿದಳು. ಚೀಲ ಇನ್ನೂ ಬಾಗಿಲ ಬಳಿಯೇ ಇದೆ, ಬಿಚ್ಚಿಲ್ಲ. ನಾನು ಅದನ್ನು ಮುಟ್ಟಿಲ್ಲ.

ಈಗ ನಿಮ್ಮನ್ನು ಒಂದು ಬೇಡಿಕೊಳ್ಳುತ್ತೇನೆ. ನೀವು ಗಂಡಸರನ್ನು ಹಿಡಿದು ನಿಲ್ಲಿಸಲೆಂದು ಹಾಕಿದ ಕಟ್ಟಳೆಯಿಂದ ಗಂಡಸರು ಸಲೀಸಾಗಿ ನುಸುಳಿಕೊಂಡರು. ಸಿಕ್ಕಿಕೊಂಡವರು ಹೆಣ್ಣುಮಕ್ಕಳು ಮತ್ತು ಅವರ ಹೊಟ್ಟೆಯ ಕೂಸುಗಳು. ನೀವಿನ್ನೂ ಆ ಸಂಜೆಗೆ ತಲುಪಿಲ್ಲದಿದ್ದರೆ, ನಿಮ್ಮ ಚುನಾವಣೆಯ ಫಲಿತಾಂಶ ಇನ್ನೂ ಬಂದಿಲ್ಲದಿದ್ದರೆ, ಈ ಮಾತು ನೆನಪಿಟ್ಟುಕೊಳ್ಳಿ. ನೀವು ಸೋಲುತ್ತೀರಿ. ಅಳು ಬಂದರೆ ಅಳಿ. ಆಮೇಲೆ ಹಣತೆ ಕೈಗೆ ತೆಗೆದುಕೊಂಡಾಗ, ಎಣ್ಣೆ ಯಾರ ಮನೆಯದು ಎಂದು ದಯವಿಟ್ಟು ಕೇಳಬೇಡಿ. ನಿಮ್ಮ ಅಡುಗೆಮನೆಯದನ್ನೇ ಸುರಿದು ಹಚ್ಚಿ. ಅಲ್ಲಿ ನೀವು ಕೇಳದೆ ಬಿಟ್ಟರೆ, ಇಲ್ಲಿ ನನ್ನ ಮೊಮ್ಮಗಳು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾಗುವುದಿಲ್ಲ.

ಕಾಗದ ನಿಮಗೆ ತಲುಪದೆ ಹೋದರೆ, ನೀವಿರುವಲ್ಲಿಂದ ನಮಗಾಗಿ ಪ್ರಾರ್ಥಿಸಿ. ಅಲ್ಲಲ್ಲಿ ಅಕ್ಷರ ಜಿಡ್ಡಾಗಿದೆ, ಮನ್ನಿಸಿ. ದೀಪ ನೋಡಿ ಬಂದ ಕೈಯಲ್ಲೇ ಬರೆಯಲು ಕೂತೆ. ಮುಂದಿನ ಬುಧವಾರ ಬಂಡಿ ಮತ್ತೆ ಬರುತ್ತದೆ. ಅಲ್ಲಿಯವರೆಗೆ ಆಗುವಷ್ಟು ಎಣ್ಣೆ ನನ್ನಲ್ಲಿದೆ.

ನಿಮ್ಮ ಮನೆಯವಳೇ ಆದ
ಇನ್ನಾಸಮ್ಮ