ಬಿತ್ತದ ಹೊಲ

ಕೃಷಿ ಅಧಿಕಾರಿಗಳಿಗೆ ನಮಸ್ಕಾರ.

ಬೀಳು ಬಿಡಬೇಕಾದ ನಮ್ಮ ಹೊಲದ ಮೂಲೆಯಲ್ಲಿ ಜೋಳ ಮೊಳೆತಿದೆ ಎಂದು ನಿಮ್ಮ ನೋಟಿಸು ಬಂದಿದೆ. ನಿಜ. ಅದು ನಮ್ಮ ಮಾವನವರ ಕೆಲಸ.

ಬೆಳೆ ವಿಪರೀತವಾಗಿ ಬಂದು ಬೆಲೆ ಬಿದ್ದಿದೆ, ಈ ವರ್ಷ ಬಿತ್ತದೆ ಬಿಟ್ಟವರಿಗೆ ಸರ್ಕಾರ ಹಣ ಕೊಡುತ್ತದೆ ಎಂದು ನೀವು ವಿವರಿಸಿದಾಗ ರುಜು ಹಾಕಿದವಳು ನಾನು. ಲೆಕ್ಕ ನನಗೆ ಅರ್ಥವಾಗಿತ್ತು. ಮನೆಗೆ ಬಂದು ಹೇಳಿದರೆ ಮಾವನವರು, "ಬಿತ್ತದೇ ಇರೋದಕ್ಕೆ ದುಡ್ಡು ಕೊಡ್ತಾರಾ? ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದು ತಪ್ಪೇನಮ್ಮ?" ಎಂದರು. ಇದಕ್ಕೆ ಉತ್ತರ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ.

ಬಿತ್ತನೆ ಬೀಜವಿರುವ ಕೋಣೆಗೆ ಬೀಗ ಹಾಕಿದ್ದೆ. ಅವರು ಕೋಳಿಗೆ ಹಾಕುವ ಕಾಳನ್ನೇ ಜೇಬಿಗಿಳಿಸಿಕೊಂಡು ಹೋಗಿ ಬಿತ್ತಿ ಬಂದಿದ್ದಾರೆ. ನಿನ್ನೆ ಮಧ್ಯಾಹ್ನ ಅವರು ಮಲಗಿದ್ದಾಗ ಅಷ್ಟೂ ಮೊಳಕೆಯನ್ನು ನಾನೇ ಕಿತ್ತೆ. ಎದ್ದ ಮೇಲೆ, "ಹಕ್ಕಿ ತಿಂದವು ಮಾವ" ಎಂದು ಸುಳ್ಳು ಹೇಳಿದೆ. ಈಗ ಹೊಲದಲ್ಲಿ ಒಂದು ಮೊಳಕೆಯೂ ಇಲ್ಲ. ಆದ್ದರಿಂದ ಹಣ ತಡೆಹಿಡಿಯಬೇಡಿ. ಈ ವರ್ಷ ಮನೆ ನಡೆಯಬೇಕಾದದ್ದು ಅದರಲ್ಲೇ.

ಇನ್ನೊಂದು ವಿನಂತಿ. ಮತ್ತೆ ತಪಾಸಣೆಗೆ ಬಂದಾಗ ಹೊಲದ ನಡುವೆ ಒಂದು ಬೆದರುಬೊಂಬೆ ಕಾಣುತ್ತದೆ. ಇವತ್ತು ಬೆಳಿಗ್ಗೆಯಿಂದ ಮಾವನವರು ಕೂತು ಅದನ್ನು ಕಟ್ಟಿದರು. ಫಸಲು ಮಾರಲು ಪೇಟೆಗೆ ಹೋಗುವಾಗ ತೊಡುತ್ತಿದ್ದ ಅಂಗಿಯನ್ನೇ ಅದಕ್ಕೆ ತೊಡಿಸಿದ್ದಾರೆ. ಕಾಯಲು ಅಲ್ಲಿ ಏನೂ ಇಲ್ಲ. ಅದು ಬೆಳೆಯಲ್ಲವಾದ್ದರಿಂದ ನಿಯಮಕ್ಕೆ ಅಡ್ಡಿಯಾಗಲಾರದು. ಅದನ್ನು ಮಾತ್ರ ಕೀಳಿಸಬೇಡಿ.

ಇಂತಿ,
ನಿಮ್ಮ ಕಾಗದಕ್ಕೆ ರುಜು ಹಾಕಿದ ಸೊಸೆ