ಯಾವ ಕಾಯಿಲೆಯೂ ಇಲ್ಲ

ಹಿರಿಯೂರು
19-8-1976

ಭರಮಸಾಗರದ ಗಂಗಕ್ಕನವರಿಗೆ,

ನಿಮ್ಮ ತಮ್ಮನ ಹೆಂಡತಿ ಚಂದ್ರಕ್ಕ ಮಾಡುವ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಕೈ ಬರಲಿಲ್ಲ. ಮಗಳು ಏಕನಾಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓದಿಸಿಕೊಳ್ಳಿ.

ಇವರ ಕ್ಷಯ ಈಗ ಸೂಜಿಗೂ ಬಗ್ಗುತ್ತಿಲ್ಲ, ಮಾತ್ರೆಗೂ ಬಗ್ಗುತ್ತಿಲ್ಲ. ಎಡಗಡೆಯ ಶ್ವಾಸಕೋಶ ಪೂರ್ತಿ ಹಾಳಾಗಿದೆ, ಆಪರೇಷನ್ ಆದರೆ ಮಾತ್ರ ಉಳಿಯುತ್ತಾರೆ, ಸೈನ್ಯದಲ್ಲಿ ಇದ್ದವರಲ್ಲವೇ, ಮಿಲಿಟರಿ ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿದರು. ಬೇರೆ ಕಡೆ ಸರತಿ ಬರುವಷ್ಟು ದಿನ ಇವರಿಗಿಲ್ಲವಂತೆ. ಹನ್ನೊಂದು ವರ್ಷ ಗಡಿ ಕಾದವರನ್ನು ಬೇಡ ಎನ್ನುತ್ತಾರೆಯೇ ಎಂದುಕೊಂಡೆ.

ಸೋಮವಾರ ದುರ್ಗದ ಮಾಜಿ ಸೈನಿಕರ ಕಚೇರಿಗೆ ಕರೆದುಕೊಂಡು ಹೋದೆ. ಮನೆಯಿಂದ ಹೊರಡುವಾಗ ಅಂಗಿಯ ಮೇಲೆ ಮೆಡಲು ಹಾಕಿಕೊಂಡಿದ್ದರು. ಬಸ್ಸಿನಲ್ಲಿ ಕೆಮ್ಮು ಬಂದು ಪಕ್ಕದವರು ಎದ್ದು ಹಿಂದೆ ಹೋಗಿ ನಿಂತಾಗ, ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಗುಮಾಸ್ತರು ಕೆಟ್ಟವರಲ್ಲ. ಡಿಸ್ಚಾರ್ಜ್ ಪುಸ್ತಕ ತಿರುವಿ ಹಾಕಿ, "ಏನ್ ಮಾಡಾಣಮ್ಮ, ಬಿಡುಗಡೆ ದಿನ ಯಾವ ಕಾಯ್ಲೆನೂ ಇಲ್ಲ ಅಂತ ಇವ್ರೇ ಸೈನ್ ಮಾಡ್ಯಾರೆ. ಅವತ್ತೇ ಹೇಳಿದ್ರೆ ಅಲ್ಲೇ ಆಸ್ಪತ್ರೇಲಿ ಇಟ್ಕಂತಿದ್ರು, ಪಿಂಚಣಿ ಕೊಟ್ಟು ಕೊನೆ ತನಕ ನೋಡ್ಕಂತಿದ್ರು. ಆಮೇಲೆ ಬಂದ ಕಾಯ್ಲೆಗೆ ಮಿಲಿಟರಿ ಹೊಣೆ ಅಲ್ಲ" ಎಂದರು. ಅರ್ಜಿ ಬರೆದುಕೊಟ್ಟೆ. ಆಸೆ ಇಟ್ಕಬ್ಯಾಡ್ರಿ ಎಂದು ಹೇಳಿಯೇ ತೆಗೆದುಕೊಂಡರು. ಗುಂಡು ತಗುಲಿದ್ದರೆ ಗಾಯ ತೋರಿಸಬಹುದಿತ್ತು. ಎದೆಯೊಳಗಿನದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ಇವರು ಯಾರನ್ನೂ ಬೈಯಲಿಲ್ಲ. "ಸೈನ್ ನಂದೇ ಐತೆ, ನಡಿ ಹೋಗಾಣ" ಎಂದರು.

ಆ ಸಹಿ ಹಾಕಿದ್ದು ಏಕನಾಥಿಯ ಮದುವೆಗೆ ಬರಲೆಂದು. ಸೋದರಮಾವ ಇಲ್ಲದೆ ಹುಡುಗಿಯನ್ನು ಹಸೆಗೆ ಕೂರಿಸುವುದಿಲ್ಲ ಎಂದು ಹಟ ಹಿಡಿದವರು ನೀವು. ಇವರು ಬಂದರು, ಸೊಸೆಯ ಕೈ ಹಿಡಿದು ಹಸೆಗೆ ಕರೆತಂದರು, ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಅಕ್ಕನ ಹಟವೇ ತಮ್ಮನ ಪ್ರಾಣಕ್ಕೆ ಬಂತು ಎಂದು ಮೂರು ವರ್ಷದಿಂದ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಹೋದ ತಿಂಗಳು ನೀವು ಬಂದು, ಇವರ ಕಾಲು ಹಿಡಿದು, ತಪ್ಪಾತಪ್ಪ ಎಂದು ಅತ್ತಿರಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಏಳಿ ಎಂದು ಒಂದು ಮಾತೂ ಅನ್ನಲಿಲ್ಲ.

ಬೇಗ ಒಂದು ಸಲ ಬಂದು ಹೋಗಿ.

ಇಂತಿ,
ಚಂದ್ರಕ್ಕ

ತಾ.ಕ.: ಅಕ್ಕ, ಏಕನಾಥಿಯ ಮದುವೆಗೆ ಮುಂಚೆ ನಾನು ನಿಮ್ಮ ಮನೆಯಲ್ಲೇ ಇದ್ದೆ. ಗಂಡನ ಕಾಗದವೆಂದು ಅವಳ ಕೈಗೂ ಕೊಡದೆ ನಿಮಗೆ ಓದಿ ಹೇಳುತ್ತಿದ್ದವಳೂ ನಾನೇ, ನೀವು ಹೇಳಿದ್ದನ್ನು ಇವರಿಗೆ ಬರೆಯುತ್ತಿದ್ದವಳೂ ನಾನೇ. ಕೆಮ್ಮಿದರೆ ರಕ್ತ ಬರುತ್ತದೆ, ಇಲ್ಲಿಯ ಡಾಕ್ಟರಿಗೆ ಹೇಳಿದರೆ ಆರು ತಿಂಗಳು ಆಸ್ಪತ್ರೆಯಲ್ಲಿಡುತ್ತಾರೆ, ನನ್ನನ್ನು ಬಿಟ್ಟು ಮದುವೆ ಮಾಡಿ ಎಂದು ಇವರು ಬರೆದಿದ್ದರು. ಆ ಸಾಲು ಬಿಟ್ಟು ಓದಿದೆ. ಕೇಳಿದ್ದರೆ ನೀವು ಮದುವೆಯನ್ನೇ ಮುಂದಕ್ಕೆ ಹಾಕುತ್ತಿದ್ದಿರಿ. ಯಾರಿಗೂ ಹೇಳಬೇಡ, ಸಹಿ ಹಾಕಿ ಬಂದುಬಿಡು ಎಂದು ನಿಮ್ಮ ಹೆಸರಿನಲ್ಲಿ ಬರೆದವಳು ನಾನು. ಅದು ನಿಮ್ಮ ಮಾತೆಂದೇ ಇವರು ಇವತ್ತಿಗೂ ನಂಬಿದ್ದಾರೆ. ನಮ್ಮ ಮದುವೆಯಾಗಿ ಎಂಟು ವರ್ಷ ಬರೀ ರಜೆಯಲ್ಲಿ ಸಂಸಾರ ಮಾಡಿದ್ದೆ. ಗಂಡ ಮನೆಗೆ ಬಂದರೆ ಸಾಕಾಗಿತ್ತು.

ಏಕನಾಥಿ, ಇದಿಷ್ಟನ್ನೂ ನಿಮ್ಮವ್ವನಿಗೆ ಒಂದು ಸಾಲೂ ಬಿಡದೆ ಓದು.