ರೇಸಿನ ಕಾರಿನ ಮೂತಿಗೆ ಗುಲಾಬಿ ಜಾಳಿಗಿ

ಇಜಾಜ,

ನಾ ಗ್ಯಾರೇಜಿಗೆ ಹೊಂಟೇನಿ. ನಿನ್ನ ರೇಸಿನ ಕಾರಿಗೆ ಕೈ ಹಚ್ಚಬ್ಯಾಡ, ಎಂಜಿನ್ ಆಯಿಲ್ ಸುಟ್ಟು ಡಾಂಬರ್ ಆಗೇತಿ.

ಕಾರಿನ ಮೂತ್ಯಾಗಿನ ಆಯಿಲ್ ಕೂಲರಿಗೆ ಗಾಳಿ ಬಡದ್ರನ ಆಯಿಲ್ ತಣ್ಣಗಿರತೈತಿ ಅಂತ ಹತ್ತು ಸಲ ಹೇಳೇನಿ. ನೀ ಗೆಳೆಯಾನ ಮದುವಿಗೆ ಅದರ ಮ್ಯಾಲೆನ ಗುಲಾಬಿ ಹೂವಿನ ಜಾಳಿಗಿ ಬಿಗದಿ. ಬ್ಯಾಂಡಿನವರ ಹಿಂದ ತೆವಳಕೋತ, ಮಂದಿ ನೋಡ್ಲಿ ಅಂತ ಎಕ್ಸಲರೇಟರ್ ತುಳದಿ. ಏನ್ ಶಾಣ್ಯಾ ಅದೀಪಾ!

ರೊಟ್ಟಿ ಡಬ್ಬ್ಯಾಗ ಅದಾವ, ನುಂಗು.

ಹೊಗಿ ಎದ್ದಾಗ ಅರ್ಧ ಸವಣೂರಿನ ಮುಂದ, "ಕೂಲರ್ ನಮ್ಮಕ್ಕ ಕುಂದ್ರಿಸಿದ್ದು, ಹೆಣ್ಮಕ್ಕಳ ಕೆಲಸ ಅಂದ್ರ ಇಷ್ಟನ" ಅಂದಿಯಂತ. ಬಿಚ್ಚಿ ನೋಡೇನಿ, ಕೂಲರ್ ಚೊಲೋ ಐತಿ.

ಬೆಂದ ಹೂವಿನ ಜಾಳಿಗಿ ನಿನ್ನ ದಿಂಬಿನ ಮ್ಯಾಲೆ ಇಟ್ಟೇನಿ. ಅದನ್ನ ತಗೊಂಡು ಹೋಗಿ, ಕೂಲರಿನ ಗಾಳಿ ಯಾರು ತಡದ್ರು ಅಂತ ಅದ ಮಂದಿಗೆ ಹೇಳಿ ಬಾ. ಅಲ್ಲೀಮಟ ಕಾರಿನ ಚಾವಿ ನನ್ನ ಕಡೆನ ಇರತೈತಿ.

ಮದಿಹಾ